ಹೊನ್ನೆಸಾಲಿನ ಮೊದಲ ಮನೆಯ ಮೂಲೆ

ಕೋವಿಡ್ ಮುಗಿದು ಕಚೇರಿಗಳ ಬಾಗಿಲು ಮತ್ತೆ ಪೂರ್ತಿ ತೆರೆದ ವರ್ಷ ನಾನು ಕಾರವಾರದಲ್ಲಿ ನಗರ ಯೋಜನೆಯ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮನೆ ಅಂಕೋಲಾದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಕಾರವಾರಕ್ಕೆ ಹೋಗಿ ಸಂಜೆ ಅದೇ ಹೆದ್ದಾರಿಯಲ್ಲಿ ಹಿಂತಿರುಗುವುದು ನನ್ನ ದಿನಚರಿ. ಹುದ್ದೆಯ ಹೆಸರು ದೊಡ್ಡದಾಗಿ ಕೇಳಿಸಿದರೂ ಕೆಲಸವನ್ನು ಎರಡೇ ಪದಗಳಲ್ಲಿ ಹೇಳಬಹುದು: ಗೆರೆ ಎಳೆಯುವುದು. ಎಲ್ಲಿ ಮನೆ, ಎಲ್ಲಿ ಅಂಗಡಿ, ಚರಂಡಿ ಎಲ್ಲಿ ಹರಿಯಬೇಕು, ರಸ್ತೆಯ ಅಂಚು ಎಲ್ಲಿಗೆ ಬರಬೇಕು ಎಂಬುದನ್ನೆಲ್ಲ ನಕ್ಷೆಯಲ್ಲಿ ಗೆರೆಗಳಾಗಿ ತೋರಿಸಬೇಕು. ಇವುಗಳಲ್ಲಿ ರಸ್ತೆಯ ಅಂಚಿನ ಗೆರೆಗೆ ನಾವು ರೋಡ್ ಲೈನ್ ಎನ್ನುತ್ತೇವೆ. ಅದರೊಳಗೆ ಯಾರದೇ ಗೋಡೆ, ಕಂಬ, ಮೆಟ್ಟಿಲು ಬಂದರೂ ಒಂದಲ್ಲ ಒಂದು ದಿನ ಅದು ಹೋಗಬೇಕಾದ್ದೇ.

ಆ ವರ್ಷ ನನ್ನ ಮೇಜಿಗೆ ಬಂದದ್ದು ಹೊನ್ನೆಸಾಲಿನ ರೋಡ್ ಲೈನ್.

ಹೊನ್ನೆಸಾಲು ಕಾರವಾರದಲ್ಲಿ ಗುಡ್ಡದ ಬುಡದ ಮುಖ್ಯರಸ್ತೆಯಿಂದ ಹೊರಟು ಕಡಲ ದಂಡೆಯವರೆಗೆ ನೇರವಾಗಿ ಇಳಿಯುವ ರಸ್ತೆ. ಎರಡೂ ಬದಿಗೆ ಸುರಹೊನ್ನೆ ಮರಗಳಿವೆ. ಉಪ್ಪುಗಾಳಿಗೆ ಜಗ್ಗದ ಮರ ಅದು. ಎಲೆ ದಪ್ಪ, ಎಣ್ಣೆ ಸವರಿದಂಥ ಹೊಳಪು, ಹೂ ಬಿಟ್ಟಾಗ ಇಡೀ ರಸ್ತೆಗೆ ಪರಿಮಳ. ಹಿಂದಿನವರು ಅದರ ಬೀಜದ ಎಣ್ಣೆಯಲ್ಲಿ ದೀಪ ಹಚ್ಚುತ್ತಿದ್ದರಂತೆ. ಮರಗಳ ಹಿಂದೆ ಮನೆಗಳ ಸಾಲು. ಪ್ರತಿ ಮನೆಯ ಮುಂದೂ ಕಂಬಗಳ ತೆರೆದ ಜಗಲಿ. ಕಾರವಾರದ ಕಡೆ ಇದಕ್ಕೆ ಓಸರಿ ಎನ್ನುವವರೂ ಇದ್ದಾರೆ. ಚಿರೇಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಕಂಬಗಳಿಗೆ ಚಿಪ್ಪಿನ ಸುಣ್ಣದ ಗಾರೆ ಬಳಿದಿದೆ. ಮೆಟ್ಟಿಲಿನ ಎರಡು ಬದಿಗೆ ಕುಳಿತುಕೊಳ್ಳಲು ಕಲ್ಲಿನ ಕಟ್ಟೆ. ಸೂರಿನ ಅಂಚಿಗೆ ಮರದ ಜಾಲರಿ ಪಟ್ಟಿ. ಕೆಲವು ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ತೆಳುವಾದ ಸಿಂಪಿಯ ಚಿಪ್ಪುಗಳನ್ನು ಕೂರಿಸಿದ್ದಾರೆ. ಮಧ್ಯಾಹ್ನದ ಬಿಸಿಲು ಅದರಿಂದ ಹಾಲಿನ ಬಣ್ಣಕ್ಕೆ ತಿರುಗಿ ಒಳಗೆ ಬರುತ್ತದೆ.

ಈ ಮನೆಗಳನ್ನು ಒಬ್ಬರು ಕಟ್ಟಿಸಿದ್ದಲ್ಲ, ಒಂದೇ ಕಾಲದಲ್ಲೂ ಕಟ್ಟಿದ್ದಲ್ಲ. ಆದರೂ ರಸ್ತೆಯ ಈ ತುದಿಯಲ್ಲಿ ನಿಂತು ನೋಡಿದರೆ ಎಲ್ಲ ಸೂರುಗಳೂ ಒಂದೇ ಎತ್ತರದಲ್ಲಿ ಹಗ್ಗ ಹಿಡಿದಂತೆ ಕಡಲಿನವರೆಗೆ ಹೋಗುತ್ತವೆ. ಯಾರಾದರೂ ನಿಯಮ ಮಾಡಿದ್ದರೇ ಎಂದು ನಾನು ತುಂಬ ದಿನ ಯೋಚಿಸಿದ್ದೆ. ಆಮೇಲೆ ಹಲವು ಮನೆಗಳ ಅಟ್ಟ ಹತ್ತಿ ಅಳತೆ ತೆಗೆದಾಗ ಒಂದು ಸಂಗತಿ ಕಂಡಿತು. ಎಲ್ಲ ಜಗಲಿಗಳ ಪಕಾಸಿಗಳೂ, ಅಂದರೆ ಹಂಚಿನ ಭಾರ ಹೊರುವ ಓರೆ ಮರಗಳೂ, ಒಂದೇ ಉದ್ದ. ಇಲ್ಲಿ ಮೊದಲು ಮನೆ ಕಟ್ಟಿದವರು ಮರದ ವ್ಯಾಪಾರಿಗಳು ಎಂದು ಬೀದಿಯವರು ಹೇಳುತ್ತಾರೆ. ಕಾಳಿ ನದಿಯ ಮೇಲಿನಿಂದ ಬಂದ ತೇಗವನ್ನು ಅವರು ಒಂದೇ ಅಳತೆಗೆ ಕೊಯ್ಯಿಸಿ ಮಾರುತ್ತಿದ್ದಿರಬೇಕು. ನೆರೆಯವರೂ ಅದನ್ನೇ ಕೊಂಡು ಕಟ್ಟಿರಬೇಕು. ಮರ ಒಂದೇ ಉದ್ದವಾದರೆ ಜಗಲಿಯ ಅಗಲ ಒಂದೇ, ಸೂರಿನ ಇಳಿಜಾರೂ ಒಂದೇ. ಇದು ನನ್ನ ಊಹೆ. ಆದರೆ ಊರಿನ ಅತಿ ಚೆಲುವಾದ ರಸ್ತೆಗೆ ಆ ಚೆಲುವು ಬಂದದ್ದು ಮರದ ಅಡ್ಡೆಯ ಗರಗಸದಿಂದ ಎಂಬ ಊಹೆ ನನಗೆ ಇಷ್ಟವಾಗಿತ್ತು.

ನನ್ನ ಮೇಜಿಗೆ ಬಂದ ಯೋಜನೆಯಲ್ಲಿ ಹೊನ್ನೆಸಾಲನ್ನು ಅಗಲ ಮಾಡುವ ಪ್ರಸ್ತಾವ ಇತ್ತು. ಹೊಸ ರೋಡ್ ಲೈನ್ ಎರಡೂ ಬದಿಯ ಜಗಲಿಗಳ ಮೇಲೆಯೇ ಹಾದುಹೋಗಿತ್ತು. ಪರಿಹಾರ ಕೊಟ್ಟು ಜಗಲಿಗಳನ್ನು ತೆಗೆಯುವುದು, ಅರ್ಧಕ್ಕರ್ಧ ಮರಗಳನ್ನು ಕಡಿಯುವುದು. ನಕ್ಷೆ ಮಾಡಿದವರನ್ನು ನಾನು ದೂರುವುದಿಲ್ಲ. ಅದರ ಹಿಂದೆ ಒಂದು ನಿಜವಾದ ನೋವು ಇತ್ತು.

ಸಾಲಿನ ನಡುಭಾಗದಲ್ಲಿ ರಮಾಕಾಂತ ಎಂಬವರ ಮನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ರಮಾಕಾಂತ ಕಾಕಾ. ಹಿಂದಿನ ಮಳೆಗಾಲದಲ್ಲಿ ಅವರ ಹೆಂಡತಿ ಸುಮನ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಹೊನ್ನೆಸಾಲಿನೊಳಗೆ ಬರಲಾಗಲಿಲ್ಲ. ಸಾಮಾನು ಇಳಿಸುತ್ತಿದ್ದ ಲಾರಿ ಒಂದು ಕಡೆ, ಎದುರಿಗೆ ಸಾಲಾಗಿ ನಿಂತ ಕಾರುಗಳು. ನೆರೆಯವರು ಸುಮನ್ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸುರಿಯುವ ಮಳೆಯಲ್ಲಿ ಹೊತ್ತುಕೊಂಡು ಮುಖ್ಯರಸ್ತೆಗೆ ಹೋದರು. ಜೀವ ಉಳಿಯಿತು. ಬಲಗೈ ಮತ್ತು ಮಾತು ಪೂರ್ತಿ ಮರಳಲಿಲ್ಲ. ಅಂದಿನಿಂದ ರಮಾಕಾಂತರು ರಸ್ತೆ ಅಗಲ ಮಾಡಲೇಬೇಕೆಂದು ಹಟ ಹಿಡಿದಿದ್ದರು. ಬೀದಿಯ ಹಲವರು ಅವರ ಜೊತೆಗಿದ್ದರು.

ಮೊದಲ ಸಲ ಸ್ಥಳ ನೋಡಲು ಹೋದ ದಿನ ನಾನು ಒಂದು ಜಗಲಿಯ ಕಂಬವನ್ನು ಮುಟ್ಟಿ ನೋಡುತ್ತ ನಿಂತಿದ್ದೆ. ರಮಾಕಾಂತರು ಹಿಂದಿನಿಂದ ಬಂದರು. ನಮ್ಮ ಕಡೆ ಅಧಿಕಾರಿ ಹೆಂಗಸರಿಗೆ ಬಾಯೋರು ಎನ್ನುವುದು ರೂಢಿ.

“ಬಾಯೋರೆ, ನೀವು ಕಂಬ ನೋಡ್ತ್ರಿ. ನಂಗೆ ಇಲ್ಲಿ ನಿಂತ್ರೆ ಆ ಕುರ್ಚಿ ಕಾಣ್ತದೆ. ಇನ್ನಷ್ಟು ಬೇಗ ಕರ್ಕೊಂಡು ಬಂದಿದ್ರೆ ಕೈ ಉಳೀತಿತ್ತು ಅಂತ ಡಾಕ್ಟ್ರು ಹೇಳಿದ್ರು. ಈ ಚೆಂದ ಕಟ್ಕೊಂಡು ನಾ ಎಂತ ಮಾಡ್ಲಿ?”

ಹಳೆಯ ಕಟ್ಟಡಗಳನ್ನು ಉಳಿಸಬೇಕು ಎಂದು ಭಾಷಣ ಮಾಡುವುದು ಸುಲಭ. ಹೆಂಡತಿಯನ್ನು ಮಳೆಯಲ್ಲಿ ಹೊತ್ತುಕೊಂಡು ಓಡಿದ ಮನುಷ್ಯನ ಮುಂದೆ ಆ ಭಾಷಣ ಬಾಯಿಗೆ ಬರುವುದಿಲ್ಲ. ಅವರಿಗೆ ಇಷ್ಟೇ ಹೇಳಿದೆ: “ಕಾಕಾ, ದೊಡ್ಡ ಗಾಡಿ ಒಳಗೆ ಬರಬೇಕು. ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಎಷ್ಟು ಜಾಗ ಬೇಕು ಅಂತ ಮೊದಲು ನೋಡ್ತೇನೆ.”

ಮುಂದಿನ ಕೆಲವು ವಾರ ನಾನು ಮತ್ತು ನಮ್ಮ ಸರ್ವೆಯವರು ಹೊನ್ನೆಸಾಲನ್ನು ಅಡಿ ಅಡಿಯಾಗಿ ಅಳೆದೆವು. ಕಂಬದಿಂದ ಎದುರಿನ ಕಂಬಕ್ಕೆ ಇದ್ದ ಜಾಗ ಒಂದು. ವಾಹನ ಓಡಾಡಲು ನಿಜವಾಗಿ ಸಿಗುತ್ತಿದ್ದ ಜಾಗ ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಉಳಿದದ್ದು ಎಲ್ಲಿ ಹೋಗಿತ್ತು? ಜಗಲಿಯ ಮುಂದೆ ಒಬ್ಬರು ಸ್ಕೂಟರ್ ಹತ್ತಿಸಲು ಸಿಮೆಂಟಿನ ಇಳಿಜಾರು ಮಾಡಿದ್ದರು. ಅದನ್ನು ನೋಡಿ ಪಕ್ಕದವರು ಕಾರಿಗೆ ದೊಡ್ಡದು ಮಾಡಿದ್ದರು. ಇನ್ನೊಬ್ಬರು ಇಳಿಜಾರಿನ ಮುಂದೆ ಹೂಕುಂಡಗಳಿಗೆಂದು ಗೋಡೆ ಕಟ್ಟಿದ್ದರು. ಬಳಕೆಯಲ್ಲಿಲ್ಲದ ವಿದ್ಯುತ್ ಕಂಬಗಳು ಹೊಸವುಗಳ ಪಕ್ಕದಲ್ಲೇ ಉಳಿದಿದ್ದವು. ಇವೆಲ್ಲದರ ಮುಂದೆ ನಿಂತ ವಾಹನಗಳು. ಜಗಲಿಗಳು ಮೊದಲು ಎಲ್ಲಿದ್ದವೋ ಅಲ್ಲೇ ಇದ್ದವು. ರಸ್ತೆಗೆ ಇಳಿದು ಬಂದದ್ದು ಆಮೇಲಿನ ಸಿಮೆಂಟು.

ಹೊಸ ಸಿಮೆಂಟನ್ನೆಲ್ಲ ತೆಗೆದು, ವಾಹನಗಳನ್ನು ಕಡಲಿನ ತುದಿಯಲ್ಲಿದ್ದ ಖಾಲಿ ಸರ್ಕಾರಿ ಜಾಗದಲ್ಲಿ ನಿಲ್ಲಿಸುವಂತೆ ಮಾಡಿ, ಏಕಮುಖ ಸಂಚಾರ ಇಟ್ಟರೆ ಅಗ್ನಿಶಾಮಕ ವಾಹನವೂ ಸಲೀಸಾಗಿ ಹೋಗಬಹುದೆಂದು ನನ್ನ ಲೆಕ್ಕ ಹೇಳಿತು. ನನ್ನ ಮೇಲಧಿಕಾರಿ ಕಟ್ಟುನಿಟ್ಟಿನ ಮನುಷ್ಯ. ನಕ್ಷೆ ನೋಡಿ ಅವರು ಒಂದೇ ಷರತ್ತು ಹಾಕಿದರು.

“ಮಳೆಗಾಲ ಶುರುವಾಗೋ ಮೊದಲು ದೊಡ್ಡ ಫೈರ್ ಗಾಡಿ ಮುಖ್ಯರಸ್ತೆಯಿಂದ ತಿರುಗಿ ಒಳಗೆ ಹೋಗಿ ಕಡಲ ಬದಿಗೆ ಹೊರಬರಲಿ. ನಾನೇ ಬಂದು ನೋಡ್ತೇನೆ. ಬಂದರೆ ಹಳೆಯ ಪ್ರಸ್ತಾವ ಬಿಡೋಣ. ಸಿಕ್ಕಿಬಿದ್ದರೆ ಜಗಲಿಗಳು ಹೋಗ್ತವೆ.”

ನ್ಯಾಯವಾದ ಮಾತು. ನಾನು ಒಪ್ಪಿದೆ.

ಬೀದಿಯವರ ಸಭೆಯನ್ನು ರಮಾಕಾಂತರ ಜಗಲಿಯಲ್ಲೇ ಕರೆದೆವು. ಜಗಲಿ ತುಂಬಿ ಜನ ಮೆಟ್ಟಿಲಿನ ಮೇಲೂ ಮರದ ಬುಡದಲ್ಲೂ ಕುಳಿತರು. ಯಾರ ಮನೆಯ ಮುಂದೆ ಎಷ್ಟು ಸಿಮೆಂಟು ಹೋಗಬೇಕೆಂದು ನಾನು ವಿವರಿಸುತ್ತಿದ್ದಂತೆ ಗದ್ದಲ ಶುರುವಾಯಿತು. ಕಾರು ಅಷ್ಟು ದೂರ ನಿಲ್ಲಿಸಿ ಬರುವುದು ಹೇಗೆ, ಜಗಲಿ ಕೊಟ್ಟು ಪರಿಹಾರ ತೆಗೆದುಕೊಂಡು ಎದುರಿಗೆ ಅಂಗಡಿ ಮಾಡಿದರೆ ಆಗದೇ ಎಂದೆಲ್ಲ ಕೇಳಿದರು. ರಮಾಕಾಂತರು ಎದ್ದು ನಿಂತರು.

“ಅರ್ಧಂಬರ್ಧ ಕೆಲಸ ಬ್ಯಾಡ. ಇವತ್ತು ಇಳಿಜಾರು ತೆಗೀತ್ರಿ, ನಾಳೆ ಮತ್ತೆ ಕಟ್ತ್ರು. ಎಲ್ಲಾ ಜಗಲಿ ಒಡೀರಿ. ಮೊದ್ಲು ನಂದೇ ಒಡೀರಿ.”

ಸುಮನ್ ಅವರು ಗೋಡೆಗೆ ಒತ್ತಿ ಹಾಕಿದ ಆರಾಮಕುರ್ಚಿಯಲ್ಲಿ ಕುಳಿತಿದ್ದರು. ಕಾಯಿಲೆ ಬಂದ ಮೇಲೆ ಅವರ ದಿನವೆಲ್ಲ ಕಳೆಯುತ್ತಿದ್ದದ್ದು ಆ ಕುರ್ಚಿಯಲ್ಲೇ. ಕನ್ನಡ ಅವರ ನಾಲಿಗೆಗೆ ಕಷ್ಟವಾಗಿತ್ತು. ಮನೆಮಾತು ಕೊಂಕಣಿ ಮಾತ್ರ ನಿಧಾನವಾಗಿ ಬರುತ್ತಿತ್ತು. ಅವರು ಎಡಗೈಯಿಂದ ಗಂಡನ ಅಂಗಿಯ ತುದಿ ಹಿಡಿದೆಳೆದರು.

“ಮಾಗೀರ್ ಹಾಂವ್ ಖಂಯ್ ಬಸೂಂ?”

ಆಮೇಲೆ ನಾನು ಎಲ್ಲಿ ಕೂತುಕೊಳ್ಳಲಿ ಎಂದು ಕೇಳಿದ್ದರು. ಸಭೆಯಲ್ಲಿ ಕೊಂಕಣಿ ಬಾರದವರು ಯಾರೂ ಇರಲಿಲ್ಲ. ರಮಾಕಾಂತರು ಹೆಂಡತಿಯ ಮುಖ ನೋಡಿದರು, ನಿಧಾನವಾಗಿ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಯಾರ ಸಲುವಾಗಿ ಅವರು ಇಷ್ಟು ಹೋರಾಡುತ್ತಿದ್ದರೋ ಆಕೆಯ ಜಗತ್ತು ಆ ಜಗಲಿಯಷ್ಟೇ ಆಗಿತ್ತು. ಹಾಲಿನವನು, ಶಾಲೆಯ ಮಕ್ಕಳು, ಮೀನು ಮಾರುವ ಬಾಯಂದಿರು ಎಲ್ಲರೂ ಆಕೆಗೆ ಸಿಗುತ್ತಿದ್ದದ್ದು ಅಲ್ಲಿ. ಗಂಡ ಅದನ್ನು ದಿನವೂ ನೋಡುತ್ತಿದ್ದರೂ ಅಂದು ಮೊದಲ ಸಲ ಕಂಡಂತಿತ್ತು.

ಮೂರನೆಯ ದಿನ ರಮಾಕಾಂತರು ತಮ್ಮ ಮನೆಯ ಮುಂದಿನ ಇಳಿಜಾರನ್ನು ತಾವೇ ಆಳು ಹಚ್ಚಿ ತೆಗೆಸಿದರು. ಅದರಡಿ ಹಳೆಯ ಕಲ್ಲಿನ ಮೆಟ್ಟಿಲುಗಳು ಹಾಗೇ ಇದ್ದವು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ತೆಗೆಸಿದರು. ಇಬ್ಬರು ಮೂವರಿಗೆ ನೋಟಿಸು ಕೊಡಬೇಕಾಯಿತು. ಅದು ಇದ್ದದ್ದೇ.

ಸಿಮೆಂಟು ಹೋಗಿ, ಬಳಕೆಯಿಲ್ಲದ ವಿದ್ಯುತ್ ಕಂಬಗಳೂ ಹೋಗಿ, ರಸ್ತೆ ತೆರವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾವೇ ಒಂದು ಪರೀಕ್ಷೆ ಮಾಡಿದೆವು. ಅಗ್ನಿಶಾಮಕ ವಾಹನ ಮುಖ್ಯರಸ್ತೆಯಿಂದ ಎಡಕ್ಕೆ ತಿರುಗಿತು. ತಿರುಗಿ, ಅಲ್ಲೇ ನಿಂತಿತು.

ಉದ್ದನೆಯ ವಾಹನ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲೇ ಬರುವುದಿಲ್ಲ. ಅದು ಒಳಗಿನ ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಆದ್ದರಿಂದಲೇ ರಸ್ತೆ ಎಷ್ಟು ಅಗಲ ಎಂಬುದರ ಜೊತೆಗೆ ತಿರುವು ಎಷ್ಟು ದೊಡ್ಡದು, ನಮ್ಮ ಭಾಷೆಯಲ್ಲಿ ಟರ್ನಿಂಗ್ ರೇಡಿಯಸ್, ಎಂಬುದನ್ನೂ ನೋಡಬೇಕು. ಈ ತಿರುವಿನ ಹೊರಬದಿಗೆ ಹೊನ್ನೆಸಾಲಿನ ಮೊದಲ ಮರ, ಬೀದಿಯಲ್ಲೇ ಎಲ್ಲಕ್ಕಿಂತ ಹಿರಿಯದು. ಒಳಬದಿಗೆ ಮೊದಲ ಮನೆಯ ಜಗಲಿ. ಮರಕ್ಕೆ ಮುಂಭಾಗ ತಾಗದಂತೆ ತಿರುಗಿಸಿದರೆ ಹಿಂಭಾಗ ಜಗಲಿಯ ಮೂಲೆಗಂಬಕ್ಕೆ ಬರುತ್ತಿತ್ತು. ಚಾಲಕ ಹಿಂದೆ ಮುಂದೆ ಮಾಡಿ ನೋಡಿದ. ಆಗಲಿಲ್ಲ. ನಕ್ಷೆಯ ಮೇಲೆ ನಾನು ಇದನ್ನು ಲೆಕ್ಕ ಹಾಕಿದ್ದೆ, ಕಷ್ಟದಿಂದ ಆಗಬಹುದು ಎಂದೂ ಬರೆದಿದ್ದೆ. ತುರ್ತು ಹೊತ್ತಿನಲ್ಲಿ ಕಷ್ಟದಿಂದ ಎಂದರೆ ಆಗುವುದಿಲ್ಲ ಎಂದೇ ಅರ್ಥ.

ಮೊದಲ ಮನೆ ಸುಲೋಚನಾ ಅವರದು. ವಯಸ್ಸು ಐವತ್ತರ ಆಚೆ. ಗಂಡ ಹಡಗಿನ ನೌಕರಿಯಲ್ಲಿ. ವರ್ಷದ ಹೆಚ್ಚಿನ ಭಾಗ ಸಮುದ್ರದಲ್ಲೇ. ಸುಲೋಚನಾ ಜಗಲಿಯಲ್ಲಿ ಹೊಲಿಗೆ ಯಂತ್ರಗಳನ್ನಿಟ್ಟು ರವಿಕೆ ಹೊಲಿದು ಕೊಡುತ್ತಿದ್ದರು, ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಬೀದಿಯವರು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ನಾನೂ ಹಾಗೇ ಕರೆಯತೊಡಗಿದ್ದೆ. ಪರೀಕ್ಷೆಯನ್ನು ಅವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ನಾನು ಹತ್ತಿರ ಹೋದಾಗ ನನಗಿಂತ ಮೊದಲು ಅವರೇ ಮಾತಾಡಿದರು.

“ಮರ ಕಡೀರಿ ಬಾಯೋರೆ. ನಮ್ಮನೆ ಮುಟ್ಟೂಕೆ ಬರಬ್ಯಾಡಿ.”

“ಮರ ಕಡಿದರೆ ತಿರುಗೂಕೆ ಜಾಗ ಆಗ್ತದೆ, ಹೌದು ವೈನಿ. ಆದರೆ ಕಡಿದ ಮೇಲೆ ಅದನ್ನು ತಿರುಗಿ ನಿಲ್ಲಿಸೂಕೆ ನನ್ನಿಂದ ಆಗೂದಿಲ್ಲ. ಮೂಲೆಯನ್ನು ಬಿಚ್ಚಿ, ತುಸು ಒಳಗೆ ಓರೆಯಾಗಿ ತಿರುಗಿ ಕಟ್ಟಬಹುದು. ಅದೇ ಕಲ್ಲು, ಅದೇ ಮರ.”

“ತುಸು ಅಂದ್ರೆ ಎಷ್ಟು?”

ನಾನು ಸೀಮೆಸುಣ್ಣದಿಂದ ಜಗಲಿಯ ನೆಲದ ಮೇಲೆ ಮೂಲೆಗೆ ಅಡ್ಡವಾಗಿ ಗೆರೆ ಎಳೆದು ತೋರಿಸಿದೆ. ಒಬ್ಬರು ಚಾಪೆ ಹಾಸಿ ಮಲಗುವಷ್ಟು ಜಾಗವೂ ಇಲ್ಲ. ಸುಲೋಚನಾ ಆ ಗೆರೆ ನೋಡಿ ನಕ್ಕರು. ನಗುವಿನಲ್ಲಿ ಸಂತೋಷ ಇರಲಿಲ್ಲ.

“ಅಂಕೋಲಾ ಬದಿಗೆ ನಮ್ಮ ತವರುಮನೆ ಇತ್ತು. ರಸ್ತೆ ಕೆಲಸಕ್ಕೆ ಅಂತ ಯಾರೋ ಬಂದು ಅಂಗಳದಲ್ಲಿ ಬಣ್ಣ ಬಳದ್ರು. ಇಷ್ಟೇ ಸಾಕು ಅಂದ್ರು. ಅಪ್ಪ ಹೂಂ ಅಂದ. ಮತ್ತೊಬ್ರು ಬಂದು ಇನ್ನಷ್ಟು ಒಳಗೆ ಬಳದ್ರು. ಕಡೀಗೆ ನಮ್ಮ ಆಯಿ ಅಡಿಗೆ ಮಾಡೂ ಒಲೆ ಇದ್ದ ಜಾಗದಾಗೆ ಈಗ ಬಸ್ಸು ಹೋಗ್ತದೆ. ನೀವು ಒಳ್ಳೇವ್ರೇ ಇರಬಹುದು. ಆದ್ರೆ ನೀವು ಗೆರೆ ಎಳ್ದು ಹೋಗ್ತ್ರಿ, ನಾಳೆ ಇನ್ನೊಬ್ರು ಬತ್ರು.”

ಅಂದು ಸಂಜೆ ಬಸ್ಸಿನಲ್ಲಿ ಅಂಕೋಲಾಕ್ಕೆ ಹೋಗುವಾಗ ಕಿಟಕಿಯಿಂದ ಹೆದ್ದಾರಿಯ ಅಂಚನ್ನೇ ನೋಡುತ್ತ ಕುಳಿತಿದ್ದೆ. ಎಷ್ಟೋ ವರ್ಷ ಓಡಾಡಿದ ದಾರಿ. ಅದರ ಅಡಿ ಯಾರ ಯಾರ ಅಂಗಳಗಳಿದ್ದವೆಂದು ನಾನು ಯೋಚಿಸಿದ್ದು ಕಡಿಮೆ. ಸುಲೋಚನಾ ಹೆದರಿದ್ದು ನನ್ನ ಗೆರೆಗಲ್ಲ, ಅದರ ಹಿಂದೆ ಬರಬಹುದಾದ ಗೆರೆಗಳಿಗೆ. ಆ ಹೆದರಿಕೆಗೆ ನಕ್ಷೆ ತೋರಿಸಿ ಉತ್ತರ ಕೊಡಲಾಗದು.

ಆ ವಾರದಲ್ಲಿ ನಾನು ಅವರ ಮನೆಗೆ ಇನ್ನೆರಡು ಸಲ ಹೋದೆ. ಜಗಲಿಯ ವಿಷಯ ಎತ್ತಲಿಲ್ಲ. ಚಹಾ ಕುಡಿದು ಬಂದೆ. ಮೂರನೆಯ ಸಲ ಹೋದಾಗ ಅವರೇ ಕೇಳಿದರು.

“ನೀವು ಹೇಳಿದ ಗೆರೆಗೆ ಕಲ್ಲು ಹಾಕ್ತ್ರಾ? ಮೊದ್ಲು ಕಲ್ಲು. ಆಮೇಲೆ ಒಡೆಯೂದು.”

“ಗಡಿಕಲ್ಲಾ?”

“ಹೌದು. ಬಣ್ಣ ಅಳ್ಸಿ ಹೋಗ್ತದೆ, ಕಲ್ಲು ಹೋಗೂದಿಲ್ಲ. ಮತ್ತೆ ಕಂಬ ಇಳಿಸೂ ದಿನ ನೀವು ಇಲ್ಲಿ ನಿಂತಿರಬೇಕು. ಬೇರೆ ಯಾರನ್ನೂ ಕಳಿಸೂದಲ್ಲ.”

ನಿಯಮದ ಪ್ರಕಾರ ಗಡಿಕಲ್ಲು ಹಾಕುವುದು ಕೆಲಸ ಮುಗಿದ ಮೇಲೆ. ನಾನು ಮೇಲಧಿಕಾರಿಗೆ ಫೋನು ಮಾಡಿ ಕ್ರಮ ಬದಲಿಸಲು ಒಪ್ಪಿಗೆ ಕೇಳಿದೆ. “ಕಲ್ಲು ಮೊದಲೋ ಕೊನೆಯೋ, ಗಾಡಿ ಬಂದರೆ ಸಾಕು” ಎಂದರು. ಎರಡು ದಿನದಲ್ಲಿ ಗಡಿಕಲ್ಲು ಬಂತು. ಸುಲೋಚನಾ ತಾವೇ ಹಗ್ಗ ಹಿಡಿದು ಅಳತೆ ನೋಡಿದರು. ಹೂತ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, “ಇನ್ನು ಇದೇ ಸಾಕ್ಷಿ” ಎಂದರು. ಅದು ನನಗೆ ಹೇಳಿದ ಮಾತೋ ಕಲ್ಲಿಗೆ ಹೇಳಿದ್ದೋ ತಿಳಿಯಲಿಲ್ಲ.

ಕೆಲಸಕ್ಕೆ ನಾನು ಕರೆಸಿದ್ದು ಮಂಜಗುಣಿಯ ತಿಮ್ಮಣ್ಣ ಮೇಸ್ತ್ರಿಯನ್ನು. ಗಂಗಾವಳಿ ನದಿ ಕಡಲು ಸೇರುವ ಅಳಿವೆಯ ಬದಿಯ ಊರು ಅದು. ಸಿಮೆಂಟು ಸೇರಿಸದೆ ಚಿಪ್ಪಿನ ಸುಣ್ಣದಲ್ಲಿ ಕಟ್ಟಬಲ್ಲವರು ಈಗ ಬಹಳ ಇಲ್ಲ. ಹಳೆಯ ಚಿರೇಕಲ್ಲಿನ ನಡುವೆ ಸಿಮೆಂಟು ಹಾಕಿದರೆ ಅದು ಕಲ್ಲಿಗಿಂತ ಗಟ್ಟಿಯಾಗಿ ಕುಳಿತು, ಒಳಗಿನ ತೇವ ಹೊರಬರಲು ಬಿಡದೆ ಕಲ್ಲನ್ನೇ ತಿನ್ನುತ್ತದೆ. ಸುಣ್ಣವಾದರೆ ಕಲ್ಲಿನ ಜೊತೆ ಉಸಿರಾಡುತ್ತದೆ. ತಿಮ್ಮಣ್ಣ ಜಗಲಿಯನ್ನು ಸುತ್ತಿ ನೋಡಿ, “ಒಡೆಯೂದಾದ್ರೆ ಒಂದು ದಿನ, ಬಿಚ್ಚೂದಾದ್ರೆ ತಡ ಆಗ್ತದೆ ಬಾಯೋರೆ. ಯಾವ್ದು?” ಎಂದು ಕೇಳಿದರು. ಬಿಚ್ಚುವುದು ಎಂದೆ.

ಹೊಲಿಗೆ ತರಗತಿ ಅಷ್ಟು ದಿನದ ಮಟ್ಟಿಗೆ ರಮಾಕಾಂತರ ಜಗಲಿಗೆ ಹೋಯಿತು. ಅದು ಸುಮನ್ ಅವರದೇ ಏರ್ಪಾಡು. ಹುಡುಗಿಯರ ಗಲಾಟೆ ಅವರಿಗೆ ಇಷ್ಟವಾಗಿತ್ತು ಎಂದು ಆಮೇಲೆ ಕೇಳಿದೆ.

ತಿಮ್ಮಣ್ಣ ಹಂಚು ಇಳಿಸಿದರು, ಹಂಚಿನಡಿಯ ರೀಪುಪಟ್ಟಿಗಳನ್ನು ತೆಗೆದರು, ಪಕಾಸಿಗಳನ್ನು ಒಂದೊಂದಾಗಿ ಇಳಿಸಿ ಗುರುತು ಹಾಕಿ ಅಂಗಳದಲ್ಲಿ ಜೋಡಿಸಿದರು. ಆಗ ಒಂದು ತೊಡಕು ಕಂಡಿತು. ಮೂಲೆಗಂಬ ಜಗಲಿಯ ಹಂಚಿನ ಮಾಡನ್ನಷ್ಟೇ ಹೊತ್ತಿದೆ ಎಂದು ನಾವು ತಿಳಿದಿದ್ದೆವು. ಮುಖ್ಯ ಮನೆಯ ಮಾಡಿನ ಮೂಲೆಯ ತೊಲೆಯೂ ಸ್ವಲ್ಪ ಭಾರವನ್ನು ಅದರ ಮೇಲೆಯೇ ಇಳಿಸಿತ್ತು. ಕಂಬ ತೆಗೆದರೆ ಆ ತೊಲೆ ಜಾರಬಹುದು. ಗಟ್ಟಿಯಾದ ಊರುಗಂಬಗಳನ್ನು ಕೊಟ್ಟು ತೊಲೆಯನ್ನು ಹಿಡಿದು ನಿಲ್ಲಿಸಿ, ಆಮೇಲೆ ಕಂಬ ಬಿಚ್ಚಿದೆವು. ಮಾತು ಕೊಟ್ಟಂತೆ ನಾನು ಅಲ್ಲೇ ಇದ್ದೆ.

ಮರುದಿನ ಮಧ್ಯಾಹ್ನ, ಮಳೆಗಾಲಕ್ಕೆ ಇನ್ನೂ ಹೊತ್ತಿದೆ ಎಂದುಕೊಂಡಿದ್ದಾಗ, ಕಡಲಿನ ಮೇಲೆ ಮೋಡ ಎದ್ದಿತು. ನಾವು ತಾಡಪಾಲು ಹುಡುಕುವಷ್ಟರಲ್ಲಿ ಮಳೆ ಬಂದೇಬಿಟ್ಟಿತು. ಮೇ ತಿಂಗಳ ಮಳೆ; ಗಾಳಿ ಮೊದಲು, ನೀರು ಆಮೇಲೆ. ಮನೆಯ ಮೂಲೆ ಬಾಯಿ ತೆರೆದು ನಿಂತಿತ್ತು. ನೆಲ ನೆನೆಯುತ್ತಿದ್ದಂತೆ ಒಂದು ಊರುಗಂಬದ ಬುಡ ಮಣ್ಣಿನಲ್ಲಿ ಇಳಿಯತೊಡಗಿತು. ಮೇಲೆ ತೊಲೆ ಕಿರ್ ಎಂದಿತು. ಒಳಗಿನಿಂದ ಸುಲೋಚನಾ ಓಡಿ ಬಂದರು. ಆಗಿನ ಅವರ ಮುಖ ಇಂದಿಗೂ ನೆನಪಿದೆ. ಇವರ ತವರುಮನೆ ಒಂದು ಗೆರೆಯಿಂದ ಹೋಯಿತು, ಈ ಮನೆಯ ಮಾಡು ನನ್ನ ಗೆರೆಯಿಂದ ಬೀಳುತ್ತದೆಯೇ ಎಂದು ಅನಿಸಿತು.

“ಹಲಗೆ ಕೊಡಿ! ಅಗಲದ ಹಲಗೆ!” ಎಂದು ತಿಮ್ಮಣ್ಣ ಕೂಗಿದರು.

ಯಾರೂ ಹಲಗೆ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಸುಲೋಚನಾ ತಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲ್ಹಲಗೆಯನ್ನೇ ಎಳೆದು ತಂದರು. ತಿಮ್ಮಣ್ಣ ಅದನ್ನು ಊರುಗಂಬದ ಬುಡಕ್ಕೆ ಕೊಟ್ಟು ಬೆಣೆ ಹೊಡೆದರು. ಹಲಗೆ ಭಾರವನ್ನು ಹರಡಿಕೊಂಡಿತು, ಇಳಿತ ನಿಂತಿತು. ಅಷ್ಟರಲ್ಲಿ ರಮಾಕಾಂತರು ಮತ್ತು ನಾಲ್ಕಾರು ನೆರೆಯವರು ದೋಣಿಗೆ ಹೊದಿಸುವ ದೊಡ್ಡ ತಾಡಪಾಲು ಹೊತ್ತುಕೊಂಡು ಬಂದರು. ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ಮಾಡಿನ ಮೇಲೆ ಎಳೆದು ಕಟ್ಟಿದರು. ಅರವತ್ತು ದಾಟಿದ ರಮಾಕಾಂತರು ಏಣಿಯ ಮೇಲೆ ನಿಂತು ತೊಯ್ದು ತೊಪ್ಪೆಯಾಗಿದ್ದರು. ಜಗಲಿಗಳನ್ನೆಲ್ಲ ಒಡೆಯಿರಿ ಎಂದಿದ್ದ ಮನುಷ್ಯ ಬೇರೆಯವರ ಜಗಲಿಯ ಮೂಲೆಗೆ ಹಗ್ಗ ಬಿಗಿಯುತ್ತಿದ್ದರು.

ಮಳೆ ನಿಂತ ಮೇಲೆ ಎಲ್ಲರಿಗೂ ಸುಲೋಚನಾ ಚಹಾ ಮಾಡಿದರು. ಮೇಜು ಹೋದದ್ದಕ್ಕೆ ನಾನು ಏನೋ ಹೇಳಹೊರಟೆ. “ಸುಮ್ನಿರಿ ಬಾಯೋರೆ, ಅದು ಹೇಗೂ ಕುಂಟ್ತಿತ್ತು” ಎಂದುಬಿಟ್ಟರು.

ಹೊಸ ಮೂಲೆ ನಿಧಾನವಾಗಿ ಎದ್ದಿತು. ಮೊದಲಿದ್ದ ಒಂದು ಕಂಬದ ಜಾಗದಲ್ಲಿ ಈಗ ಓರೆಯ ಎರಡು ತುದಿಗೆ ಎರಡು ಕಂಬ ಬೇಕಾಯಿತು. ಒಂದಕ್ಕೆ ಹಳೆಯ ಕಲ್ಲು, ಇನ್ನೊಂದಕ್ಕೆ ಹೊಸ ಕಲ್ಲು. ಸುಣ್ಣಕ್ಕೆ ಬೆಲ್ಲದ ನೀರು ಸೇರಿಸಿ ಅರೆದು ಗಾರೆ ಮಾಡಿದರು. ಪಕಾಸಿಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿ ಕೂರಿಸಿದರು. ಸೂರಿನ ಎತ್ತರವನ್ನು ಮಾತ್ರ ನಾನು ದಿನವೂ ಅಳೆಯುತ್ತಿದ್ದೆ. ಪಕ್ಕದ ಮನೆಯ ಸೂರಿಗೆ ಅದು ಕೂದಲಷ್ಟೂ ತಪ್ಪಬಾರದಾಗಿತ್ತು. ತಪ್ಪಲಿಲ್ಲ.

ಮಳೆಗಾಲ ನಿಜವಾಗಿ ಹಿಡಿಯುವ ಮುಂಚಿನ ವಾರ ಮೇಲಧಿಕಾರಿ ಬಂದರು. ಅಗ್ನಿಶಾಮಕ ವಾಹನ ಮುಖ್ಯರಸ್ತೆಯಿಂದ ಎಡಕ್ಕೆ ತಿರುಗಿತು. ಮುಂಭಾಗ ಮರವನ್ನು ಬಿಟ್ಟು ಹೊರಳಿತು, ಹಿಂಭಾಗ ಹೊಸ ಮೂಲೆಯನ್ನು ಬಿಟ್ಟು ಬಂದಿತು. ಎಲ್ಲೂ ನಿಲ್ಲದೆ ಎರಡು ಸಾಲು ಕಂಬಗಳ ನಡುವೆ ಇಳಿದು ಹೋಗಿ ಕಡಲ ಬದಿಗೆ ಹೊರಬಿದ್ದಿತು. ಜನ ಚಪ್ಪಾಳೆ ತಟ್ಟಿದರು. ರಮಾಕಾಂತರು ತಟ್ಟಲಿಲ್ಲ; ವಾಹನ ಕಣ್ಮರೆಯಾಗುವವರೆಗೂ ನೋಡಿದರು. ಆಮೇಲೆ ನನ್ನ ಬಳಿ ಬಂದು, “ಈಗ ಸರಿ” ಎಂದಷ್ಟೇ ಹೇಳಿದರು. ಗಣಿತದ ಮಾಸ್ತರರಿಂದ ನನಗೆ ಸಿಕ್ಕ ಅಂಕ ಅದು. ಮೇಲಧಿಕಾರಿ ಮಾತು ಉಳಿಸಿಕೊಂಡರು. ಹೊನ್ನೆಸಾಲಿನ ಹೊಸ ರೋಡ್ ಲೈನ್ ಜಗಲಿಗಳ ಹೊರಗಿನಿಂದ ಹೋಯಿತು.

ಎಲ್ಲವೂ ಗೆದ್ದಂತಾಯಿತು ಎಂದು ಹೇಳಲಾರೆ. ಗುಡ್ಡದ ಬದಿಯ ಒಂದು ಮನೆ ಮರುವರ್ಷ ಮಾರಾಟವಾಯಿತು. ಕೊಂಡವರು ಕಾನೂನಿನ ಒಳಗೇ ಅದನ್ನು ಕೆಡವಿ ಗಾಜಿನ ಮುಖದ ಕಟ್ಟಡ ಕಟ್ಟಿದರು. ಸೂರುಗಳ ಸಾಲು ಅಲ್ಲಿ ಹಲ್ಲು ಬಿದ್ದಂತೆ ಕಾಣುತ್ತದೆ. ಅದನ್ನು ತಡೆಯುವ ಅಧಿಕಾರ ನನಗಿರಲಿಲ್ಲ. ಉಳಿದ ಮನೆಗಳು ನಿಂತಿವೆ. ಕೆಲವರು ತಾವಾಗಿಯೇ ಸಿಮೆಂಟ್ ಕೆತ್ತಿಸಿ ಕಂಬಗಳಿಗೆ ಸುಣ್ಣದ ಗಾರೆ ಮಾಡಿಸಿದ್ದಾರೆ. ತಿಮ್ಮಣ್ಣನಿಗೆ ಈಗ ಕಾರವಾರದಲ್ಲೇ ವರ್ಷವಿಡೀ ಕೆಲಸ.

ಮೂರು ದಶಕಗಳ ನೌಕರಿಯಲ್ಲಿ ನಾನು ಎಳೆದ ಗೆರೆಗಳಿಗೆ ಲೆಕ್ಕವಿಲ್ಲ. ಗೆರೆ ಸರಿಯಾಗಿದ್ದರೆ ಜನ ಒಪ್ಪುತ್ತಾರೆ ಎಂದೇ ನಾನು ಬಹುಕಾಲ ನಂಬಿದ್ದೆ. ಅದು ಸಾಲದು ಎಂಬುದನ್ನು ಹೊನ್ನೆಸಾಲು ಕಲಿಸಿತು. ಒಬ್ಬರ ಮನೆಯಿಂದ ಏನನ್ನಾದರೂ ಕೇಳುವಾಗ, ಇದರಾಚೆ ನಾವು ಬರುವುದಿಲ್ಲ ಎಂಬುದನ್ನು ಕೇಳುವ ಮೊದಲೇ ಗಟ್ಟಿಮಾಡಿ ಕೊಡಬೇಕು. ಕೊಟ್ಟ ಮೇಲೆ ಅಲ್ಲಿಯೇ ನಿಂತಿರಬೇಕು. ಆಗ ಜನ ತಮ್ಮ ಪಾಲಿನದನ್ನು ಬಿಡಲು ನಾವು ತಿಳಿದಷ್ಟು ಹಿಂಜರಿಯುವುದಿಲ್ಲ. ರಮಾಕಾಂತರು ಇಳಿಜಾರು ಬಿಟ್ಟರು, ಸುಲೋಚನಾ ಮೂಲೆ ಬಿಟ್ಟರು. ಬೀದಿ ಉಳಿದದ್ದು ಹಾಗೆ.

ನಿವೃತ್ತಿಯಾದ ಮೇಲೆ ಕಾರವಾರಕ್ಕೆ ಹೋಗುವುದು ಕಡಿಮೆಯಾಗಿದೆ. ಕಳೆದ ಚಳಿಗಾಲದಲ್ಲಿ ಒಂದು ಮದುವೆಗೆ ಹೋದವಳು ಸಂಜೆ ಹೊನ್ನೆಸಾಲಿನ ಕಡೆ ನಡೆದೆ. ಮೊದಲ ಮನೆಯ ಓರೆ ಮೂಲೆಯಲ್ಲಿ ಸುಲೋಚನಾ ಹೊಲಿಗೆ ಯಂತ್ರ ಇಟ್ಟುಕೊಂಡು ಕುಳಿತಿದ್ದರು. ಮೊದಲು ಅವರಿಗೆ ಅಲ್ಲಿಂದ ಕಾಣುತ್ತಿದ್ದದ್ದು ಎದುರಿನ ಮರವೊಂದೇ. ಮೂಲೆ ಓರೆಯಾದ ಮೇಲೆ ಒಂದು ಬದಿಗೆ ಮುಖ್ಯರಸ್ತೆಯ ಓಡಾಟ, ಇನ್ನೊಂದು ಬದಿಗೆ ಕಡಲಿನವರೆಗೂ ಇಳಿಯುವ ಬೀದಿ ಕಾಣುತ್ತಿದ್ದವು. ಗಾಳಿಯೂ ಎರಡೂ ಕಡೆಯಿಂದ ಬರುತ್ತಿತ್ತು. ನನ್ನ ನಕ್ಷೆಯಲ್ಲಿ ಇದಾವುದೂ ಇರಲಿಲ್ಲ.

“ಬನ್ನಿ ಬಾಯೋರೆ, ಕೂತ್ಕೊಳ್ಳಿ” ಎಂದು ಅವರು ಪಕ್ಕದ ಕಟ್ಟೆಯ ಮೇಲಿದ್ದ ಬಟ್ಟೆ ಸರಿಸಿದರು. “ಇಷ್ಟು ಚೆಂದ ಆಗ್ತದೆ ಅಂತ ಮೊದ್ಲೇ ಹೇಳಿದ್ರೆ ನಾನೇ ಮುರೀತಿದ್ದೆ.”